ಕರಗಿದ್ದನ್ನು ಯಾವ ಪುಟದಲ್ಲಿ ಬರೆಯುತ್ತೀರಿ?

ಸಂಪಾದಕರಿಗೆ ನಮಸ್ಕಾರ.

ಕಳೆದ ವಾರ ನಿಮ್ಮ ವಾಣಿಜ್ಯ ಪುಟದಲ್ಲಿ ಬಂದ ಲೇಖನ ಓದಿದೆ. ದೇಶದ ಆರ್ಥಿಕತೆ ವರ್ಷಕ್ಕೆ ಶೇಕಡಾ 7ರಂತೆ ಬೆಳೆಯುತ್ತಲೇ ಇರಬೇಕು, ಮನುಷ್ಯನ ಬುದ್ಧಿಗೆ ಮಿತಿ ಇಲ್ಲ, ಹಾಗಾಗಿ ಬೆಳವಣಿಗೆಗೂ ಮಿತಿ ಇಲ್ಲ ಎಂದು ಲೇಖಕರು ಬರೆದಿದ್ದಾರೆ. ಚೆನ್ನಾಗಿಯೇ ಬರೆದಿದ್ದಾರೆ. ನಾನು ಅರ್ಥಶಾಸ್ತ್ರ ಓದಿದವನಲ್ಲ. ಕಾಸರಗೋಡು ಜಿಲ್ಲೆಯ ಪೆರ್ಲದ ಕಡೆಯ ಒಂದು ಕನ್ನಡ ಶಾಲೆಯಲ್ಲಿ 31 ವರ್ಷ ಗಣಿತ ಕಲಿಸಿದ ಮಾಷ್ಟ್ರು. ಜೊತೆಗೆ ಎರಡು ಎಕರೆ ಅಡಿಕೆ ತೋಟ. ಶೇಕಡಾ ಲೆಕ್ಕ ಕಂಡರೆ ಸುಮ್ನೆ ದಾಟಿ ಹೋಗಲು ಈಗಲೂ ಆಗುವುದಿಲ್ಲ. ಪೇಪರಿನ ಅಂಚಿನಲ್ಲೇ ಪೆನ್ಸಿಲಿನಿಂದ ಲೆಕ್ಕ ಮಾಡಿದೆ. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಗಿಡದಿಂದ ಗಿಡಕ್ಕೆ ಒಂಬತ್ತಡಿ ಬಿಟ್ಟು ನೆಟ್ಟರೆ ಎಕರೆಗೆ ಸುಮಾರು 540 ಅಡಿಕೆ ಮರ. ಅದಕ್ಕಿಂತ ಹತ್ತಿರ ನೆಟ್ಟರೆ ಬಿಸಿಲು ಸಾಲದೆ ಸಪೂರ ಎದ್ದು ಬಾಗುತ್ತವೆ, ಗೊನೆ ಹಿಡಿಯುವುದಿಲ್ಲ. ಈಗ ನನ್ನ ತೋಟವೂ ವರ್ಷಕ್ಕೆ ಶೇ. 7ರಂತೆ ಬೆಳೆಯಲಿ ಎಂದಿಟ್ಟುಕೊಳ್ಳಿ. ಹತ್ತು ವರ್ಷಕ್ಕೆ ಹತ್ತಿರ ಹತ್ತಿರ ನಾಲ್ಕು ಎಕರೆ. ಇಪ್ಪತ್ತು ವರ್ಷಕ್ಕೆ ಎಂಟು. ನೂರು ವರ್ಷಕ್ಕೆ 1,735 ಎಕರೆ. ಕಾಸರಗೋಡು ಜಿಲ್ಲೆಯ ವಿಸ್ತೀರ್ಣ 1,992 ಚದರ ಕಿಲೋಮೀಟರ್, ಅಂದರೆ ಸುಮಾರು 4,92,000 ಎಕರೆ. 184ನೇ ವರ್ಷಕ್ಕೆ ಇಡೀ ಜಿಲ್ಲೆ ನನ್ನ ತೋಟ! ತಲಪಾಡಿಯಿಂದ ತೃಕ್ಕರಿಪುರದವರೆಗೆ, ಕಡಲ ಕರೆಯಿಂದ ರಾಣಿಪುರದ ಗುಡ್ಡದವರೆಗೆ ಅಡಿಕೆಯೇ ಅಡಿಕೆ. ಬೇಕಲ ಕೋಟೆಯ ಒಳಗೂ ಅಡಿಕೆ, ಕಲೆಕ್ಟರರ ಆಫೀಸಿನ ಅಂಗಳದಲ್ಲೂ ಅಡಿಕೆ. ಅದಾಗಿ ಹತ್ತೇ ವರ್ಷಕ್ಕೆ ನನಗೆ ಇನ್ನೊಂದು ಕಾಸರಗೋಡು ಬೇಕು.

ಶೇ. 7 ಜಾಸ್ತಿಯಾಯಿತು, ಶೇ. 3 ಸಾಕು ಎನ್ನುತ್ತೀರಾ? ಆಗಲೂ 420 ವರ್ಷ ಅಷ್ಟೆ. ಅದೇನು ಯುಗಾಂತರದ ಮಾತಲ್ಲ. ಕೆಳದಿಯವರು ಬೇಕಲ ಕೋಟೆ ಕಟ್ಟಿಸಿಯೇ ಮುನ್ನೂರೈವತ್ತು ವರ್ಷ ದಾಟಿತು.

ಅಡಿಕೆ ಮರಕ್ಕೆ ಇದು ಗೊತ್ತಿದೆ. ನೆಟ್ಟು ಐದಾರು ವರ್ಷಕ್ಕೆ ಫಸಲು ಶುರು, ಹತ್ತು ವರ್ಷ ದಾಟುವಾಗ ಪೂರ್ತಿ ಫಸಲು. ಅಲ್ಲಿಂದ ಮೇಲೆ ಎತ್ತರ ಹೋಗುತ್ತದೆಯೇ ಹೊರತು ಗೊನೆ ಹೆಚ್ಚುವುದಿಲ್ಲ. ಎತ್ತರ ಹೋದಷ್ಟೂ ಮದ್ದು ಬಿಡುವವನಿಗೆ ಕಷ್ಟ, ಗಾಳಿಗೆ ಮುರಿಯುವ ಭಯ.

ನನ್ನ ತಂಗಿಯ ಮಗ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದಾನೆ. ವಿಷುವಿಗೆ ಬಂದವನಿಗೆ ಇಂಥದ್ದೇ ಒಂದು ಲೆಕ್ಕ ಹೇಳಿದ್ದೆ. ಅವನು ನಕ್ಕುಬಿಟ್ಟ. "ಮಾವ, ಜಿಡಿಪಿ ಅಂದ್ರೆ ಅಡಿಕೆ ಮರ ಅಲ್ಲ. ಅದು ಹಣದ ಲೆಕ್ಕ. ನಾನು ಬರೆಯುವ ಪ್ರೋಗ್ರಾಮಿಗೆ ಯಾವ ಗುಡ್ಡ ಕಡಿಯಬೇಕು ಹೇಳಿ ನೋಡೋಣ?" ಅಂದ.

ಹುಡುಗ ಹೇಳಿದ್ದು ಸುಳ್ಳಲ್ಲ. ನನಗೆ ಆಗ ಉತ್ತರ ಹೊಳೆಯಲಿಲ್ಲ. ಎರಡು ದಿನ ಬಿಟ್ಟು, ಅವನದೇ ಹೊಸ ಮನೆಯ ಬೀಗ ತೆಗೆದು ಕಿಟಕಿ ತೆರೆಯುವಾಗ ಹೊಳೆಯಿತು. ನಮ್ಮ ಮನೆಯ ಮೇಲಿನ ಜಾಗದಲ್ಲಿ ಅವನು ಎರಡು ಮಾಳಿಗೆಯ ಮನೆ ಕಟ್ಟಿಸಿದ್ದಾನೆ. ಐದು ಸಾವಿರ ಕೆಂಪುಕಲ್ಲು ಇಳಿಸಿದ್ದು ನಾನೇ, ಎಣಿಸಿದ್ದೂ ನಾನೇ. ವರ್ಷದಲ್ಲಿ ಹನ್ನೊಂದು ತಿಂಗಳು ಬೀಗ. ತಿಂಗಳಿಗೊಮ್ಮೆ ನಾನು ಹೋಗಿ ಗಾಳಿ ಆಡಿಸಿ ಬರುತ್ತೇನೆ. ಅವನಿಗೆ ಫೋನ್ ಮಾಡಿ ಹೇಳಿದೆ: "ನಿನ್ನ ಪ್ರೋಗ್ರಾಮಿಗೆ ಕಲ್ಲು ಬೇಡ ಮಾರಾಯ. ನಿನ್ನ ಸಂಬಳಕ್ಕೆ ಬೇಕಾಯಿತಲ್ಲ."

ಜಗತ್ತಿನ ಲೆಕ್ಕವೂ ಹಾಗೇ ಇದೆ. ಕಲ್ಲು, ಮರಳು, ಅದಿರು, ಕಲ್ಲಿದ್ದಲು, ಎಣ್ಣೆ, ಮರಮಟ್ಟು, ಬೆಳೆ ಎಲ್ಲ ಸೇರಿಸಿದರೆ 1970ರಲ್ಲಿ ಮನುಷ್ಯರು ಭೂಮಿಯಿಂದ ತೆಗೆದದ್ದು ಸುಮಾರು 3,000 ಕೋಟಿ ಟನ್. ಈಗ ವರ್ಷಕ್ಕೆ 10,000 ಕೋಟಿ ಟನ್ ದಾಟಿದೆ. ಇದು ವಿಶ್ವಸಂಸ್ಥೆಯ ಪರಿಸರ ವಿಭಾಗದವರ ಲೆಕ್ಕ. ಅದೇ ಅವಧಿಯಲ್ಲಿ ಜನಸಂಖ್ಯೆ 370 ಕೋಟಿಯಿಂದ 800 ಕೋಟಿಗೆ ಹೋಯಿತು. ಅಂದರೆ ಜನ ಎರಡು ಪಟ್ಟಿಗಿಂತ ಸ್ವಲ್ಪ ಜಾಸ್ತಿ, ತೆಗೆದ ಸಾಮಾನು ಮೂರು ಪಟ್ಟಿಗೂ ಜಾಸ್ತಿ. ಕಂಪ್ಯೂಟರ್, ಇಂಟರ್‌ನೆಟ್, ಎಲ್‌ಇಡಿ ಬಲ್ಬು ಎಲ್ಲ ಮನೆಮನೆಗೆ ಬಂದದ್ದು ಇದೇ ಐವತ್ತೈದು ವರ್ಷದಲ್ಲಿ ಅಲ್ವಾ?

ಬುದ್ಧಿ ಉಪಯೋಗಿಸಿದರೆ ಕಡಿಮೆಯಲ್ಲೇ ಜಾಸ್ತಿ ಕೆಲಸ ಆಗುತ್ತದೆ ಎಂದು ಲೇಖಕರು ಹೇಳಿದ್ದು ನಿಜ. ಅದು ನನ್ನ ತೋಟದಲ್ಲೇ ಆಗಿದೆ. ಆದರೆ ಆಮೇಲೆ ಏನಾಯಿತು ಎಂಬುದನ್ನೂ ಹೇಳಬೇಕು. ನನಗೆ ಸ್ವಲ್ಪ ನಾಚಿಕೆಯ ವಿಷಯ.

2009ರಲ್ಲಿ ಸ್ಪ್ರಿಂಕ್ಲರ್ ತೆಗೆದು ಡ್ರಿಪ್ ಹಾಕಿಸಿದೆ. ಬುಡಕ್ಕೆ ಮಾತ್ರ ಹನಿ ಹನಿಯಾಗಿ ನೀರು. ಮೊದಲ ಬೇಸಗೆಯಲ್ಲಿ ಪಂಪು ಅರ್ಧ ಹೊತ್ತು ಓಡಿದರೆ ಸಾಕಾಯಿತು. ಮನೆಯಲ್ಲಿ ಎಲ್ಲರಿಗೂ ಖುಷಿ. ಉಳಿದ ನೀರು ಕಣ್ಣಿಗೆ ಕಾಣುತ್ತಿತ್ತಲ್ಲ, ಸುಮ್ಮನೆ ಕೂರಲು ಮನಸ್ಸು ಬರಲಿಲ್ಲ. ಗುಡ್ಡೆ ಬದಿಯಲ್ಲಿ ಹಳೆಯ ಗೇರು ಮರಗಳಿದ್ದವು. ನೀರು ಕೇಳದ ಮರಗಳು. ಅವನ್ನು ಕಡಿಸಿ ಮುನ್ನೂರು ಅಡಿಕೆ ಸಸಿ ಇಟ್ಟೆ. ನಾಲ್ಕನೇ ವರ್ಷಕ್ಕೆ ಪಂಪು ಮೊದಲಿನಷ್ಟೇ ಹೊತ್ತು ಓಡತೊಡಗಿತು. ಈಗ ಅದಕ್ಕಿಂತ ಜಾಸ್ತಿ ಓಡುತ್ತದೆ. ಡ್ರಿಪ್ಪು ನೀರು ಉಳಿಸಿತು, ನಾನು ಅದನ್ನು ಉಳಿಯಲು ಬಿಡಲಿಲ್ಲ.

ಇದು ನನ್ನೊಬ್ಬನ ಬುದ್ಧಿಗೇಡಿತನ ಎಂದುಕೊಂಡಿದ್ದೆ. ಜೆವನ್ಸ್ ಎಂಬ ಇಂಗ್ಲಿಷ್ ಅರ್ಥಶಾಸ್ತ್ರಜ್ಞ 1865ರಲ್ಲೇ ಕಲ್ಲಿದ್ದಲಿನ ವಿಷಯದಲ್ಲಿ ಇದನ್ನು ಹೇಳಿದ್ದನಂತೆ. ಜೇಮ್ಸ್ ವಾಟನ ಉಗಿಯಂತ್ರ ಹಳೆಯ ಯಂತ್ರಕ್ಕಿಂತ ಕಡಿಮೆ ಕಲ್ಲಿದ್ದಲು ತಿನ್ನುತ್ತಿತ್ತು. ಹಾಗಾಗಿಯೇ ಅದು ಅಗ್ಗವಾಯಿತು, ಎಲ್ಲೆಡೆ ಬಂತು, ದೇಶ ಸುಡುವ ಕಲ್ಲಿದ್ದಲು ಏರಿತು. ನೂರೈವತ್ತು ವರ್ಷಕ್ಕೂ ಹಿಂದಿನ ಇಂಗ್ಲೆಂಡಿನವನು ನನ್ನ ಗುಡ್ಡೆಯ ಕಥೆ ಬರೆದಿಟ್ಟು ಹೋಗಿದ್ದಾನೆ.

ಈಗ ನೀರಿನ ವಿಷಯಕ್ಕೆ ಬರುತ್ತೇನೆ. ನಿಮ್ಮ ಓದುಗರಲ್ಲಿ ಘಟ್ಟದ ಮೇಲಿನವರಿಗೆ ನಮ್ಮ ಕಡೆಯ ಸುರಂಗ ಗೊತ್ತಿಲ್ಲದೆ ಇರಬಹುದು. ಇದು ರೈಲು ಹೋಗುವ ಸುರಂಗ ಅಲ್ಲ. ಗುಡ್ಡದ ಹೊಟ್ಟೆಗೆ ಅಡ್ಡಡ್ಡಲಾಗಿ ಕೊರೆದ ಬಾವಿ ಎನ್ನಬಹುದು. ಒಬ್ಬ ಮನುಷ್ಯ ತಲೆ ತಗ್ಗಿಸಿ ಹೋಗುವಷ್ಟು ಎತ್ತರ, ಎರಡು ಭುಜಕ್ಕೆ ಸಾಕಾಗುವಷ್ಟು ಅಗಲ. ಮುರಕಲ್ಲಿನ, ಅಂದರೆ ಕೆಂಪುಕಲ್ಲಿನ, ಒಳಗಿಂದ ಒಸರುವ ನೀರು ನೆಲದ ಮೇಲೆ ಸಣ್ಣಗೆ ಹರಿದು ತಾನಾಗಿ ಹೊರಗೆ ಬರುತ್ತದೆ. ಪಂಪು ಬೇಡ, ಕರೆಂಟು ಬೇಡ. ನಮ್ಮ ಸುರಂಗ ಅಜ್ಜನ ಕಾಲದ್ದು, 45 ಕೋಲು ಉದ್ದ. ಹೊರಗೆ ಅಡಿಕೆ ಮರದ ದಂಬೆ ಇಟ್ಟು ನೀರನ್ನು ಮಣ್ಣಿನ ಟ್ಯಾಂಕಿಗೆ ಬಿಡುತ್ತಿದ್ದರು. ರಾತ್ರಿ ತುಂಬಿದ ನೀರು ಹಗಲು ತೋಟಕ್ಕೆ. ಎಷ್ಟು ತುಂಬಿತೋ ಅಷ್ಟೇ ತೋಟ. ಅದಕ್ಕಿಂತ ಒಂದು ಸಸಿ ಜಾಸ್ತಿ ಇಟ್ಟರೆ ಏಪ್ರಿಲ್‌ನಲ್ಲಿ ಅದೇ ಒಣಗಿ ತೋರಿಸುತ್ತಿತ್ತು.

ವರ್ಷಕ್ಕೊಮ್ಮೆ ಒಳಗೆ ಹೋಗಿ ಕುಸಿದ ಮಣ್ಣು ತೆಗೆಯಬೇಕು. ಅಪ್ಪ ಮುಂದೆ ಮೇಣದ ಬತ್ತಿ ಹಿಡಿದು ಹೋಗುತ್ತಿದ್ದರು, ನಾನು ಹಿಂದೆ ಬುಟ್ಟಿ ಹಿಡಿದು. ಬತ್ತಿ ಮಂಕಾದರೆ ಗಾಳಿ ಸಾಲದು ಎಂದರ್ಥ, ಮಾತಾಡದೆ ಹಿಂದೆ ಬರಬೇಕು. ತುದಿಯಲ್ಲಿ ಬಿಳಿ ಸೇಡಿ ಮಣ್ಣು, ಕಾಲಿಗೆ ಬೆಣ್ಣೆಯ ಹಾಗೆ ಜಾರುತ್ತದೆ. ಹೊರಗೆ ಬೇಸಗೆಯ ಉರಿ ಇದ್ದರೂ ಒಳಗೆ ನಡುಕ ಬರುವಷ್ಟು ತಂಪು. ಅಲ್ಲಿ ನಿಂತು ಉಸಿರು ಬಿಗಿ ಹಿಡಿದರೆ ನೂರಾರು ಕಡೆಯಿಂದ ಟಪ್ ಟಪ್ ಎಂದು ನೀರು ಬೀಳುವುದು ಕೇಳುತ್ತಿತ್ತು.

1989ರಲ್ಲಿ ಏಳನೇ ಕ್ಲಾಸಿನ ಮಕ್ಕಳಿಗೆ ಕಾಲ-ಪ್ರಮಾಣದ ಲೆಕ್ಕ ಕಲಿಸಲು ಅವರನ್ನು ನಮ್ಮ ಸುರಂಗದ ಬಾಯಿಗೆ ಕರೆತಂದಿದ್ದೆ. 20 ಲೀಟರಿನ ಬಕೆಟ್ ಇಟ್ಟು ವಾಚು ನೋಡಿದೆವು. ತುಂಬಲು ನಾಲ್ಕು ನಿಮಿಷ. ಅಂದರೆ ದಿನಕ್ಕೆ 7,200 ಲೀಟರ್. ಅವತ್ತು ಏಪ್ರಿಲ್ 1. ನಂತರ ಅದೊಂದು ಚಟ ಆಯಿತು. ಪ್ರತಿ ವರ್ಷ ಅದೇ ದಿನ ಅಳೆದು ಡೈರಿಯಲ್ಲಿ ಬರೆಯುತ್ತೇನೆ. 2000ದಲ್ಲಿ ಐದೂವರೆ ನಿಮಿಷ. 2012ರಲ್ಲಿ ಹನ್ನೊಂದು. ಈ ವರ್ಷ 26 ನಿಮಿಷ. ಬಕೆಟ್ ತುಂಬುವಷ್ಟರಲ್ಲಿ ನಾನು ನಿಮ್ಮ ಪತ್ರಿಕೆಯ ನಾಲ್ಕು ಪುಟ ಓದಿ ಮುಗಿಸಿದೆ.

ಮಳೆ ಇಲ್ಲದ ಊರಾಗಿದ್ದರೆ ಬೇರೆ ಮಾತು. ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರ್ ಹತ್ತಿರ ಮಳೆ ಬೀಳುವ ಜಿಲ್ಲೆ ಇದು. ಹನ್ನೆರಡು ಹೊಳೆಗಳಿವೆ ಎನ್ನುತ್ತಾರೆ. ಅಂಥ ಜಿಲ್ಲೆಯ ಕಾಸರಗೋಡು ಬ್ಲಾಕ್ ಕೇಂದ್ರ ಅಂತರ್ಜಲ ಮಂಡಳಿಯ ಪಟ್ಟಿಯಲ್ಲಿ 'ಗಂಭೀರ' ಎಂಬ ಸಾಲಿನಲ್ಲಿ ಬಂದದ್ದುಂಟು. ನಮ್ಮ ಸುರಂಗದ ಮೇಲಿನ ಗುಡ್ಡದಲ್ಲಿ ಹದಿನೈದು ವರ್ಷದ ಹಿಂದೆ ಕೆಂಪುಕಲ್ಲಿನ ಕೋರೆ ಬಂತು. ಮುರಕಲ್ಲಿನ ಗುಡ್ಡ ಸ್ಪಂಜಿನ ಹಾಗೆ, ಮಳೆಗಾಲದಲ್ಲಿ ಕುಡಿದ ನೀರನ್ನು ಬೇಸಗೆಯಲ್ಲಿ ಬಿಡುತ್ತದೆ. ಮೊದಲು ಕೈಯಲ್ಲಿ ಕಲ್ಲು ಕಡಿಯುವಾಗ ಒಂದು ಕೋರೆ ಮುಗಿಯಲು ಒಂದು ತಲೆಮಾರು ಬೇಕಾಗುತ್ತಿತ್ತು. ಈಗ ಮಿಷಿನ್ ಇದೆ, ಗುಡ್ಡವನ್ನು ಬೆಣ್ಣೆಕೇಕಿನ ಹಾಗೆ ತುಂಡು ಮಾಡುತ್ತದೆ. ಕೋರೆಯವರನ್ನು ಮಾತ್ರ ದೂರುವ ಮುಖ ನನಗಿಲ್ಲ. ತಂಗಿಯ ಮಗನ ಮನೆಯ ಕಲ್ಲು ಅಲ್ಲಿಂದಲೇ ಬಂದದ್ದು. ಸುರಂಗದ ನೀರು ಸಾಲದೆ 2004ರಲ್ಲಿ ನಾನು 350 ಅಡಿಯ ಬೋರು ತೆಗೆಸಿದೆ. 2016ರಲ್ಲಿ ಅದು ನಿಂತಿತು. ಆಮೇಲೆ 610 ಅಡಿ. ಸುತ್ತ ಮುತ್ತ ಎಲ್ಲರ ಕಥೆಯೂ ಇದೇ. ಅಜ್ಜ ಗುಡ್ಡ ಕೊಟ್ಟಷ್ಟು ತೆಗೆದುಕೊಂಡರು. ನಾನು ಅದರ ಜೇಬಿಗೇ ಕೈ ಹಾಕಿದೆ.

ಇಲ್ಲಿ ನನ್ನ ಅಪ್ಪನ ಜಮಾಖರ್ಚಿನ ಪುಸ್ತಕದ ವಿಷಯ ಹೇಳಲೇಬೇಕು. ಅಪ್ಪ ಓದಿದ್ದು ಐದನೇ ಕ್ಲಾಸು. ಕೆಂಪು ಬಟ್ಟೆಯ ರಟ್ಟಿನ ಉದ್ದ ಪುಸ್ತಕದಲ್ಲಿ ಎಡಕ್ಕೆ ಜಮಾ, ಬಲಕ್ಕೆ ಖರ್ಚು. ಅಡಿಕೆ, ಕಾಳುಮೆಣಸು, ತೆಂಗು ಮಾರಿದ್ದು ಜಮಾ. ಆದರೆ ಪುಸ್ತಕವನ್ನು ತಿರುಗಿಸಿ ಹಿಂದಿನಿಂದ ತೆರೆದರೆ ಇನ್ನೊಂದು ಪಟ್ಟಿ ಇತ್ತು. ಅದಕ್ಕೆ ಅಪ್ಪ ಇಟ್ಟ ಹೆಸರು 'ಕರಗಿದ್ದು'. 1963ರಲ್ಲಿ ಅಕ್ಕನ ಮದುವೆಗೆ ದೊಡ್ಡ ಹಲಸಿನ ಮರ ಮಾರಿದ್ದು ಅಲ್ಲಿದೆ. ಅಮ್ಮನ ಸರ ಅಡವಿಟ್ಟು ಬಿಡಿಸಲು ಆಗದೆ ಹೋದದ್ದು ಅಲ್ಲಿದೆ. ಕೆಳಗಿನ ಗದ್ದೆಯ ಒಂದು ಮಡಿ ಮಾರಿದ್ದೂ ಅಲ್ಲಿದೆ. ಆ ಹಣವೂ ಕೈಗೆ ಬಂದದ್ದೇ ಅಲ್ವಾ, ಜಮಾದಲ್ಲಿ ಯಾಕೆ ಬರೆಯಲಿಲ್ಲ ಎಂದು ಸಣ್ಣವನಿದ್ದಾಗ ಕೇಳಿದ್ದೆ. "ಅಡಿಕೆ ಮಾರಿದರೆ ಜಮಾ. ಅಡಿಕೆ ಮರ ಮಾರಿದರೆ ಅದು ಜಮಾ ಅಲ್ಲ ಮಗಾ, ಕರಗಿದ್ದು" ಎಂದರು.

ದೇಶದ ಪುಸ್ತಕಕ್ಕೆ ಆ ಹಿಂದಿನ ಪುಟ ಇಲ್ಲ. ನನ್ನ ಅಜ್ಜನ ಸುರಂಗ ದಿನಕ್ಕೆ 7,200 ಲೀಟರ್ ಕೊಡುತ್ತಿದ್ದಾಗ ಜಿಡಿಪಿಯಲ್ಲಿ ಅದರ ಬೆಲೆ ಸೊನ್ನೆ, ಯಾಕೆಂದರೆ ಯಾರೂ ಯಾರಿಗೂ ದುಡ್ಡು ಕೊಡಲಿಲ್ಲ. ಕೋರೆಯ ಕಲ್ಲು ಮಾರಿದಾಗ ಬೆಳವಣಿಗೆ. ಟಿಪ್ಪರಿಗೆ ಡೀಸೆಲ್ ಹಾಕಿದಾಗ ಬೆಳವಣಿಗೆ. ಸುರಂಗ ಬತ್ತಿ ಬೋರು ತೆಗೆಸಿದಾಗ ಇನ್ನಷ್ಟು ಬೆಳವಣಿಗೆ. ಮೇ ತಿಂಗಳಲ್ಲಿ ಊರಿನ ಬಡವರ ಕಾಲನಿಗೆ ಟ್ಯಾಂಕರಿನಲ್ಲಿ ನೀರು ತಂದಾಗಲೂ ಬೆಳವಣಿಗೆ. ಊರಿನ ನೀರು ಹೋಯಿತು, ಊರಿನ ಲೆಕ್ಕ ಮಾತ್ರ ಮೇಲೆ ಮೇಲೆ ಹೋಯಿತು.

ಕಾರ್ಖಾನೆಯ ಯಂತ್ರ ಸವೆದರೆ ನಿವ್ವಳ ಉತ್ಪನ್ನದ ಲೆಕ್ಕದಲ್ಲಿ ಸವಕಳಿ ಎಂದು ಕಳೆಯುತ್ತಾರೆ. ಗುಡ್ಡ ಸವೆದರೆ ಕಳೆಯುವ ಪದ್ಧತಿ ಇರಲಿಲ್ಲ. ರಾಷ್ಟ್ರೀಯ ಆದಾಯದ ಲೆಕ್ಕವನ್ನು ಅಮೆರಿಕಕ್ಕೆ ಮಾಡಿಕೊಟ್ಟ ಸೈಮನ್ ಕುಜ್ನೆಟ್ಸ್ 1934ರಲ್ಲೇ ಅಲ್ಲಿನ ಸಂಸತ್ತಿಗೆ ಹೇಳಿದ್ದ, ಈ ಅಂಕಿಯಿಂದ ದೇಶದ ಜನರ ಕ್ಷೇಮ ಅಳೆಯಲು ಹೋಗಬೇಡಿ ಎಂದು. ಅಳತೆಗೋಲು ಮಾಡಿದವನೇ ಹೇಳಿದ ಮಾತು. 2025ರ ಮಾರ್ಚ್‌ನಲ್ಲಿ ವಿಶ್ವಸಂಸ್ಥೆಯ ಅಂಕಿಅಂಶ ಆಯೋಗ ಹೊಸ ಲೆಕ್ಕಪದ್ಧತಿಯನ್ನು ಒಪ್ಪಿಕೊಂಡಿದೆ. ಅದರ ಪ್ರಕಾರ ಖನಿಜದಂಥ ಸಂಪತ್ತು ಕರಗಿದ್ದನ್ನು ನಿವ್ವಳ ಉತ್ಪನ್ನದಲ್ಲಿ ಖರ್ಚಾಗಿ ಕಳೆಯಬೇಕು. ಅಪ್ಪನ ಹಿಂದಿನ ಪುಟವನ್ನು ಅವರೂ ಈಗ ತೆರೆಯುತ್ತಿದ್ದಾರೆ. ಸಂತೋಷ. ಆದರೆ ಪೇಪರಿನ ಮುಖಪುಟಕ್ಕೆ ಬರುವುದು ನಿವ್ವಳ ಅಲ್ಲ, ಒಟ್ಟು ಉತ್ಪನ್ನವೇ, ಅಂದರೆ ಜಿಡಿಪಿಯೇ.

ಎಣ್ಮಕಜೆ ಪಂಚಾಯತಿನ ಸುತ್ತಲಿನವರಿಗೆ ಆ ಹಿಂದಿನ ಪುಟದ ಬೆಲೆ ಬೇರೆ ಯಾರಿಗಿಂತಲೂ ಚೆನ್ನಾಗಿ ಗೊತ್ತು. ಇಪ್ಪತ್ತಕ್ಕೂ ಹೆಚ್ಚು ವರ್ಷ, 2000ದವರೆಗೆ, ಸರಕಾರಿ ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ಸುರಿದರು. ಗೇರುಬೀಜದ ಇಳುವರಿ ಬೆಳವಣಿಗೆಯ ಲೆಕ್ಕಕ್ಕೆ ಹೋಯಿತು. ವಿಷ ಕೊಂಡ ದುಡ್ಡು ಹೋಯಿತು. ಆಮೇಲೆ ಆಸ್ಪತ್ರೆಯ ಬಿಲ್ಲುಗಳೂ ಅದೇ ಲೆಕ್ಕಕ್ಕೆ ಹೋದವು. ಸುಪ್ರೀಂ ಕೋರ್ಟು ಇಡೀ ದೇಶದಲ್ಲಿ ಎಂಡೋಸಲ್ಫಾನನ್ನೇ ನಿಲ್ಲಿಸಿದ್ದು 2011ರಲ್ಲಿ, ತಲಾ ಐದು ಲಕ್ಷ ಪರಿಹಾರ ಕೊಡಿ ಎಂದದ್ದು 2017ರಲ್ಲಿ. ನನ್ನ ಹಾಜರಿ ಪುಸ್ತಕದಲ್ಲಿ ಹೆಸರಿದ್ದೂ ಕ್ಲಾಸಿಗೆ ಬರಲಾಗದ ಮಕ್ಕಳಿದ್ದರು. ಅದನ್ನು ಇಲ್ಲಿ ಉದ್ದ ಮಾಡುವುದಿಲ್ಲ.

ಹಾಗಾದರೆ ಮಾಷ್ಟ್ರಿಗೆ ಬೆಳವಣಿಗೆಯೇ ಬೇಡವೋ ಎಂದು ಕೇಳಬಹುದು. ಹಾಗಲ್ಲ. ಚಪ್ಪಲಿ ಇಲ್ಲದೆ ಮಳೆಯಲ್ಲಿ ಮೂರು ಮೈಲಿ ನಡೆದು ಶಾಲೆಗೆ ಬರುತ್ತಿದ್ದ ಮಕ್ಕಳನ್ನು ನೋಡಿದ್ದೇನೆ. ಅವರ ಮಕ್ಕಳು ಈಗ ವ್ಯಾನಿನಲ್ಲಿ ಬರುತ್ತಾರೆ, ನನಗೆ ಅದು ಬೇಕು. ನನ್ನ ಹೆಂಡತಿಯ ಚಿಕಿತ್ಸೆಗೆ ಮಂಗಳೂರಿಗೆ ಹೋಗಬೇಕು, ತಲಪಾಡಿಯ ಆರು ಲೇನಿನ ರಸ್ತೆ ನನಗೂ ಉಪಕಾರವೇ. ಗುಡ್ಡ ಕಡಿದು ಮಾಡಿದ ರಸ್ತೆ ಎಂದು ನಾನೇನು ಹಳೆಯ ದಾರಿಯಲ್ಲಿ ಹೋಗುವುದಿಲ್ಲ. ಅಮೆರಿಕದ ಒಬ್ಬ ವರ್ಷಕ್ಕೆ ಸುಮಾರು 14 ಟನ್ ಇಂಗಾಲದ ಡೈಆಕ್ಸೈಡ್ ಗಾಳಿಗೆ ಬಿಡುತ್ತಾನೆ, ನಮ್ಮ ದೇಶದವನು ಸುಮಾರು 2 ಟನ್. ಹಾಗಿರುವಾಗ ನಮ್ಮ ಕಾಲನಿಯವರಿಗೆ 'ಬೆಳೆದದ್ದು ಸಾಕು' ಎಂದು ಹೇಳುವ ಹಕ್ಕು ಯಾರಿಗೂ ಇಲ್ಲ. ಸಸಿ ಬೆಳೆಯಲೇಬೇಕು. ಮರವಾದ ಮೇಲೂ ಸಸಿಯ ವೇಗದಲ್ಲೇ ಬೆಳೆಯಲಿ ಎನ್ನುವುದು, ಅದೂ ನೂರಾರು ವರ್ಷ, ನನ್ನ ತಕರಾರು ಅಷ್ಟಕ್ಕೆ. ಹನ್ನೊಂದು ತಿಂಗಳು ಬೀಗ ಹಾಕಿದ ಮನೆಗೂ ಕಾಲನಿಯ ಒಂದು ಸೂರಿಗೂ ಬೆಳವಣಿಗೆ ಎಂಬ ಒಂದೇ ಹೆಸರು ಯಾಕೆ ಎಂದೂ ಕೇಳಬೇಕಾಗಿದೆ.

ಸಂಪಾದಕರೇ, ನಿಮ್ಮಲ್ಲಿ ಒಂದು ಕೋರಿಕೆ. ನಿಮ್ಮ ಪತ್ರಿಕೆಯಲ್ಲಿ ದಿನಾ ಚಿನ್ನದ ರೇಟು, ಅಡಿಕೆ ರೇಟು, ಸೆನ್ಸೆಕ್ಸ್ ಬರುತ್ತದೆ. ಅದರ ಪಕ್ಕದಲ್ಲಿ ಬೆರಳಗಲದ ಜಾಗ ಬಿಟ್ಟು, ತಿಂಗಳಿಗೊಮ್ಮೆ ಸಾಕು, ಊರೂರಿನ ಬಾವಿ-ಸುರಂಗಗಳ ನೀರಿನ ಮಟ್ಟ ಹಾಕಿ. ಅಳೆಯಲು ಎಂಜಿನಿಯರ್ ಬೇಡ. ಬಾವಿಗೆ ಒಂದು ಹಗ್ಗ, ಸುರಂಗಕ್ಕೆ ಒಂದು ಬಕೆಟ್ ಮತ್ತು ವಾಚು ಸಾಕು. ಶಾಲೆಯ ಮಕ್ಕಳೇ ಅಳೆದು ಕಳಿಸುತ್ತಾರೆ. ನಮ್ಮ ಪಂಚಾಯತಿನ ಗ್ರಾಮಸಭೆಯಲ್ಲೂ ಇದನ್ನು ಕೇಳುವವನಿದ್ದೇನೆ. ಕೋರೆಗಳಿಂದ ಬಂದ ವರಮಾನ ಓದುವಾಗ ಅದರ ಕೆಳಗೆ ಆ ಗುಡ್ಡದ ಬುಡದ ಬಾವಿಗಳ ನೀರನ್ನೂ ಓದಲಿ. ಮೊದಲ ಸಾಲಾಗಿ ನನ್ನದನ್ನೇ ಹಾಕಿಕೊಳ್ಳಿ: ಏಪ್ರಿಲ್ 1, 20 ಲೀಟರ್, 26 ನಿಮಿಷ.

ಪತ್ರ ಉದ್ದವಾಯಿತು. ಜಾಗ ಇಲ್ಲದಿದ್ದರೆ ಎಲ್ಲಿ ಬೇಕಾದರೂ ಕತ್ತರಿಸಿ, 184 ವರ್ಷದ ಲೆಕ್ಕವೊಂದನ್ನು ಮಾತ್ರ ಬಿಡಬೇಡಿ. ಅದರಲ್ಲಿ ತಪ್ಪಿದ್ದರೆ ನನ್ನ ಹಳೆಯ ವಿದ್ಯಾರ್ಥಿಗಳು ದಯವಿಟ್ಟು ಬರೆಯಲಿ. ಮಾಷ್ಟ್ರ ಕಿವಿ ಹಿಂಡುವ ಅವಕಾಶ ಮತ್ತೆ ಸಿಗಲಿಕ್ಕಿಲ್ಲ.

ಇಂತು,
ಒಬ್ಬ ನಿವೃತ್ತ ಗಣಿತ ಅಧ್ಯಾಪಕ
ಪೆರ್ಲ, ಕಾಸರಗೋಡು ಜಿಲ್ಲೆ